ವರ್ಲಿನ್ನನ ಕಾರಿಗೆ ಕಂಟ್ರೋಲ್ ಆರ್ಮ್

ಕರ್ಟಿಸ್ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ವರ್ಲಿನ್ನನ ಕಾಫಿ ತಟ್ಟೆಗೆ ಚೆಲ್ಲಿತು.

"ತಗೊಳ್ಳಿ ಯಜಮಾನ್ರೇ. ನಾಲ್ಕೂ ಕಂಟ್ರೋಲ್ ಆರ್ಮ್. ಎರಡು ವರ್ಷ ಯೋಚಿಸಿದ್ದು ಸಾಕು. ಬರೋ ಶನಿವಾರ ತಿಂಡಿ ಮುಗಿಸಿ ಎಲ್ರೂ ನಿಮ್ಮ ಷೆಡ್ಡಿಗೆ ಬರ್ತೀವಿ. ಕೂರಿಸೇ ಬಿಡೋಣ."

ವರ್ಲಿನ್ ನಕ್ಕ. ನಗು ಮೀಸೆ ದಾಟಿ ಮೇಲೆ ಹೋಗಲಿಲ್ಲ.

ಒಹಾಯೋದ ಆ ಸಣ್ಣ ಊರಿನ ಹೋಟೆಲಿನಲ್ಲಿ ಶನಿವಾರ ಬೆಳಗ್ಗೆ ಕಿಟಕಿ ಪಕ್ಕದ ಮೇಜು ಮಸಲ್ ಕಾರು ಇದ್ದವರದು. ಐವತ್ತು ವರ್ಷ ಹಿಂದಿನ, ದೊಡ್ಡ ಎಂಜಿನ್ನಿನ, ಪೆಟ್ರೋಲು ಕುಡಿದು ಗುಡುಗುವ ಕಾರುಗಳು. ಕಾರಿಲ್ಲದವನಿಗೆ ಅಲ್ಲಿ ಕುರ್ಚಿಯಿಲ್ಲ. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ. ಬರೆಯುವ ಅಗತ್ಯವೂ ಬಿದ್ದಿರಲಿಲ್ಲ. ವೆಂಡೆಲ್ ತನ್ನ ಕಾರು ಮಾರಿದ ಮರುವಾರವೇ ಕೌಂಟರಿನ ಸ್ಟೂಲಿಗೆ ಹೋದ. ಇಪ್ಪತ್ತು ವರ್ಷ ಜೊತೆಗೆ ತಿಂದವನು ಈಗ ಗೋಡೆ ನೋಡಿಕೊಂಡು ಮೊಟ್ಟೆ ತಿನ್ನುತ್ತಾನೆ.

ವರ್ಲಿನ್ನನ ಷೆಡ್ಡಿನಲ್ಲಿ ಈಗ ಇರುವುದು ಹೆಂಡತಿ ಮೇವಿಸಳ ಹೊಲಿಗೆ ಮೇಜು. ಎರಡು ವರ್ಷದ ಹಿಂದೆ ಅವನ ಎಡಮೊಣಕಾಲಿಗೆ ಲೋಹದ ಕೀಲು ಹಾಕಿದರು. ಆ ಕಾರಿನ ಕ್ಲಚ್ಚು ಅದುಮಲು ಆ ಕಾಲು ಮತ್ತೆ ಒಪ್ಪಲಿಲ್ಲ. ಕೆಂಟಕಿಯಿಂದ ಒಬ್ಬ ಬಂದು ಕಾರನ್ನು ಟ್ರೈಲರಿಗೆ ಹತ್ತಿಸಿಕೊಂಡು ಹೋಗುವಾಗ ವರ್ಲಿನ್ ಒಳಗೆ ಕೂತು ಟಿವಿಯ ಸದ್ದು ಜೋರು ಮಾಡಿಕೊಂಡಿದ್ದ.

ಕಾರು ಹೋದ ಆ ವಾರದ ಶನಿವಾರವೇ ಇದನ್ನು ಹೇಳಿಬಿಡಬೇಕೆಂದು ಮೇಜಿನಲ್ಲಿ ಬಾಯಿ ತೆರೆದ. ಬಂದದ್ದು ಬೇರೆ ಮಾತು.

"ಆಕ್ಸಿಲರೇಟರ್ ತುಳಿದ ಕೂಡ್ಲೇ ಹಿಂದಿನ ಚಕ್ರ ಕುಣಿಯುತ್ತೆ ಕಣ್ರೋ. ಹಿಂದಿನ ಆಕ್ಸಲ್ ಹಿಡ್ಕೊಳ್ಳೋ ಕಂಟ್ರೋಲ್ ಆರ್ಮ್ ಬದಲಾಯಿಸ್ಬೇಕು. ಯಾವುದು ಹಾಕ್ಲಿ?"

ಕೇಳಿದ್ದೇ ತಡ, ಎರಡು ವರ್ಷ ಆ ಮೇಜಿಗೆ ಬೇರೆ ಮಾತೇ ಬೇಕಾಗಲಿಲ್ಲ.

ಹಳೆಯ ಬಡಗಿ ಓರಿನ್, ಆರ್ಮಿನ ತುದಿಗೆ ಕೂರಿಸುವ ರಬ್ಬರ್ ಬುಷ್ಷಿನ ಪಕ್ಷ. "ಪ್ಲಾಸ್ಟಿಕ್ ಬುಷ್ ಹಾಕಿದ್ಯೋ, ಗುಂಡಿಗೊಂದ್ಸಲ ನಮ್ಮತ್ತೆ ಥರ ಕಿರ್ ಅನ್ನುತ್ತೆ ನೋಡ್ಕೋ." ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಲೋವೆಲ್ಲನಿಗೆ ರಬ್ಬರ್ ಎಂದರೆ ಆಗದು, ಉಕ್ಕಿನ ಬಾಲ್ ಜಾಯಿಂಟೇ ಆಗಬೇಕು.

"ರಬ್ಬರ್ ಅಂತೆ ರಬ್ಬರ್! ಕಾರು ಓಡೋದಕ್ಕಾ, ಮಗು ತೂಗೋದಕ್ಕಾ?"

"ನಿನ್ನ ಬಾಲ್ ಜಾಯಿಂಟ್ ಹಾಕಿದ್ರೆ ರಸ್ತೇಲಿರೋ ಒಂದೊಂದು ಕಲ್ಲೂ ಬೆನ್ನುಮೂಳೆಗೆ ಬಂದು ಹೆಸರು ಹೇಳಿ ಹೋಗುತ್ತೆ ಮಾರಾಯ."

ದುಂಡು ಕೊಳವೆಯದೋ ಚೌಕದ್ದೋ. ಮೇಲಿನ ಜೋಡಿಯ ಉದ್ದ ಹೆಚ್ಚುಕಡಿಮೆ ಮಾಡುವಂತಿರಬೇಕೋ ಬೇಡವೋ. ಕಪ್ಪೋ ಕೆಂಪೋ. ಕಾರಿನಡಿ ಅಂಗಾತ ಮಲಗಿದವನಿಗೆ ಮಾತ್ರ ಕಾಣುವ ಸಾಮಾನಿನ ಬಣ್ಣಕ್ಕೆ ಒಂದು ಇಡೀ ಚಳಿಗಾಲ ಹೋಯಿತು. ಒಬ್ಬ ಒಪ್ಪಿದರೆ ಇನ್ನೊಬ್ಬ ಸಂಶಯ ತೆಗೆಯುತ್ತಿದ್ದ. ಇಬ್ಬರೂ ಒಪ್ಪುವ ಹಾಗೆ ಕಂಡರೆ ವರ್ಲಿನ್ ತಾನೇ ಒಂದು ತೆಗೆಯುತ್ತಿದ್ದ.

ನೋಡಲು ಬರುತ್ತೇವೆಂದು ಮಾತ್ರ ಯಾರೂ ಅನ್ನಲಿಲ್ಲ. ಕೆಲಸ ಮುಗಿಯದ ಕಾರನ್ನು ನೋಡಲು ಹೋಗುವುದು ಆ ಮೇಜಿನವರಲ್ಲಿ ಮರ್ಯಾದೆಯಲ್ಲ. ಹೋಟೆಲಿಗೆ ಕಾರು ತರುವುದೂ ಇಲ್ಲ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ತಗಡನ್ನು ತಿಂದುಹಾಕುತ್ತದೆ. ವಸಂತದಲ್ಲಿ ಮಳೆ. ಬೇಸಿಗೆಯಲ್ಲಿ ಡಾಂಬರು, ಜಲ್ಲಿ. ಆಮೇಲೆ ಮೆಕ್ಕೆಜೋಳದ ಕೊಯ್ಲು, ಟ್ರ್ಯಾಕ್ಟರುಗಳು ಚೆಲ್ಲುವ ಕೆಸರು. ಕಾರಿಗೆ ಯೋಗ್ಯವಾದ ದಿನ ಆ ಜಿಲ್ಲೆಯಲ್ಲಿ ಹುಟ್ಟಲೇ ಇಲ್ಲ. ಎಲ್ಲರೂ ಪಿಕಪ್ ಟ್ರಕ್ಕುಗಳಲ್ಲೇ ಬರುತ್ತಿದ್ದರು.

ಕರ್ಟಿಸ್ ಒಬ್ಬನನ್ನು ಬಿಟ್ಟು. ವಿದ್ಯುತ್ ಕಂಬ ಹತ್ತುವ ಕೆಲಸದಿಂದ ನಿವೃತ್ತನಾಗಿ ಈ ಮಾರ್ಚಿನಲ್ಲಿ ಸೇರಿಕೊಂಡ ಅವನು ಮೊದಲ ದಿನವೇ ಜಡಿಮಳೆಯಲ್ಲಿ ಕಾರು ಗುಡುಗಿಸಿಕೊಂಡು ಬಂದಿದ್ದ. "ಮಳೇಲಿ ತರ್ತಾನಲ್ಲೋ! ಕಾರಿನ ಬೆಲೆ ಗೊತ್ತಿಲ್ಲದವನು," ಎಂದು ಲೋವೆಲ್ ಹಣೆ ಚಚ್ಚಿಕೊಂಡಿದ್ದ.

ಈಗ ಆ ಕರ್ಟಿಸ್ಸೇ ಪೆಟ್ಟಿಗೆ ತಂದಿಟ್ಟಿದ್ದಾನೆ. ಓರಿನ್ ಒಳಗೆ ಇಣುಕಿ ನೋಡಿದ.

"ಪ್ಲಾಸ್ಟಿಕ್ ಬುಷ್. ವಾಪಸ್ ಕಳ್ಸು."

"ಆತುರ ಯಾಕೆ? ಇನ್ನೊಂದು ಚಳಿಗಾಲ ಯೋಚಿಸ್ಲಿ," ಎಂದ ಲೋವೆಲ್.

"ಇನ್ನೊಂದು ಚಳಿಗಾಲಕ್ಕೆ ನಿಮ್ಮಲ್ಲಿ ಯಾರ್ಯಾರು ಇರ್ತೀರೋ!" ಕರ್ಟಿಸ್ ಜೋರಾಗಿ ನಕ್ಕ. "ಕಾರು ಓಡ್ಬೇಕು ಸ್ವಾಮಿ. ಇವರದು ಮುಗೀಲಿ, ಆಮೇಲೆ ಒಬ್ಬೊಬ್ಬರ ಷೆಡ್ಡಿಗೂ ಹೋಗೋಣ."

ಲೋವೆಲ್ ಕೆಮ್ಮಿದ. ಪ್ಯಾನ್‌ಕೇಕು ಗಂಟಲಿಗೆ ಸಿಕ್ಕಿತಂತೆ.

ಆ ವಾರವಿಡೀ ವರ್ಲಿನ್ ಮನೆಯಲ್ಲಿ ಅತ್ತಿಂದಿತ್ತ ತಿರುಗಿದ. ಎಪ್ಪತ್ತಮೂರು ವರ್ಷದವನಿಗೆ ವಾರದಲ್ಲಿ ಉಳಿದಿದ್ದದ್ದು ಅದೊಂದು ಬೆಳಗ್ಗೆ.

"ಹುಷಾರಿಲ್ಲ ಅನ್ನು," ಎಂದಳು ಮೇವಿಸ್.

"ಎಷ್ಟು ಶನಿವಾರ ಅನ್ಲಿ?"

"ಹಾಗಾದ್ರೆ ನಿಜ ಹೇಳು. ಗೋಡೆ ನೋಡ್ಕೊಂಡು ತಿಂದ್ರೂ ಮೊಟ್ಟೆ ಮೊಟ್ಟೇನೇ."

ಶನಿವಾರ ಅವನು ಅರ್ಧ ಗಂಟೆ ಮುಂಚೆಯೇ ಹೋದ. ಓರಿನ್, ಲೋವೆಲ್ ಅವನಿಗಿಂತ ಮೊದಲೇ ಬಂದು ತಲೆಗೆ ತಲೆ ಕೊಟ್ಟು ಏನೋ ಪಿಸುಗುಡುತ್ತಿದ್ದರು. ಇವನನ್ನು ಕಂಡು ಸುಮ್ಮನಾದರು. ವಿಷಯ ಗೊತ್ತಾಗಿಹೋಗಿದೆ ಎಂದುಕೊಂಡ ವರ್ಲಿನ್ ಕೂರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ನನ್ಹತ್ರ ಕಾರಿಲ್ಲ ಕಣ್ರೋ. ಮಾರಿ ಎರಡು ವರ್ಷ ಆಯ್ತು. ಚಕ್ರ ಕುಣಿಯೋದು, ಅದೂ ಇದೂ, ಎಲ್ಲಾ ಸುಳ್ಳು. ನಿಮ್ಜೊತೆ ಕೂರೋ ಆಸೆಗೆ ಹೇಳ್ದೆ."

ಇಬ್ಬರೂ ಕಿಟಕಿಯಾಚೆ ಇಣುಕಿದರು. ವರ್ಲಿನ್ ತಲೆ ತಗ್ಗಿಸಿ ವೆಂಡೆಲ್ಲನ ಪಕ್ಕದ ಸ್ಟೂಲಿನತ್ತ ತಿರುಗಿದ. ಅಷ್ಟರಲ್ಲಿ ಹೊರಗೆ ಕರ್ಟಿಸ್‌ನ ಎಂಜಿನ್ನು ಗುಡುಗಿ ನಿಂತಿತು. ಓರಿನ್ ವರ್ಲಿನ್ನನ ಕೋಟಿನ ತುದಿ ಹಿಡಿದೆಳೆದು ಕುರ್ಚಿಗೆ ಕೆಡವಿದ.

"ಮೆಲ್ಲಗೆ ಮಾತಾಡೋ. ಈ ಮೇಜಲ್ಲಿ ಕಾರಿರೋದು ಅವನೊಬ್ಬನಿಗೇ."