ಹೆಬ್ಬೆರಳಿನ ಸಾಕ್ಷಿ

"ಕಣ್ಣು ಮುಚ್ಕೊಳಿ. ಚುಚ್ಚಿದ್ದು ಗೊತ್ತಾದ್ರೆ ಮಾತ್ರ ಹೇಳಿ," ಎಂದರು ನ್ಯಾಯಾಲಯ ನೇಮಿಸಿದ ನರತಜ್ಞರು. ಸ್ಕೂಲ್ ವ್ಯಾನ್ ಓಡಿಸುತ್ತಿದ್ದವಳು ನ್ಯಾಯಾಧೀಶರ ಕೊಠಡಿಯಲ್ಲಿ ಸ್ಟೂಲಿನ ಮೇಲೆ ಬಲಗಾಲು ಚಾಚಿ ಕಣ್ಣು ಮುಚ್ಚಿದಳು. ಅಂಗಾಲಿನ ಆಣಿ ತೆಗೆಯಲು ಹೋದ ಪಾದದ ಡಾಕ್ಟರು ನರಕ್ಕೇ ಚಾಕು ತಾಗಿಸಿಬಿಟ್ಟಿದ್ದರು. ಅಂದಿನಿಂದ ಆ ಪಾದ ಮರಗಟ್ಟಿಹೋಗಿತ್ತು. ಬ್ರೇಕ್ ಒತ್ತಿದ್ದೂ ತಿಳಿಯದಂತಾದ ಮೇಲೆ ಅವಳು ವ್ಯಾನಿನ ಕೀಲಿ ಒಪ್ಪಿಸಿ ಮನೆ ಸೇರಿದ್ದಳು. ಪರಿಹಾರದ ಮೊಕದ್ದಮೆ ಈಗ ಈ ಸೂಜಿಯ ಮೇಲೆ ನಿಂತಿತ್ತು.

ಸೂಜಿ ಅಂಗಾಲಿನಲ್ಲೆಲ್ಲ ಓಡಾಡಿತು. ಅವಳು ಏನೂ ಹೇಳಲಿಲ್ಲ. ಅವಳ ವಕೀಲರು ನೆಮ್ಮದಿಯಿಂದ ತಲೆದೂಗುತ್ತಿದ್ದರು. ಅಷ್ಟರಲ್ಲಿ ಹೆಬ್ಬೆರಳಿನ ತುದಿ ಇರುವೆ ಕಚ್ಚಿದ ಹಾಗೆ ಚುರುಕ್ಕೆಂದಿತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳ ಮುಖ ತಾನಾಗಿಯೇ ಅರಳಿತು.

"ಗೊತ್ತಾಯ್ತು," ಎಂದಳು. "ಉರೀತಿದೆ."

ಹಿಂದೆ ಕೂತಿದ್ದ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಅತ್ತಳು. ವಕೀಲರು ತಲೆ ಮೇಲೆ ಕೈ ಹೊತ್ತು, "ಏನಮ್ಮಾ, ಕೇಸೇ ಕೆಡ್ತದಲ್ಲ," ಎಂದು ಪಿಸುಗುಟ್ಟಿದರು.

ನ್ಯಾಯಾಧೀಶರು ಕನ್ನಡಕ ತೆಗೆದರು. "ಹಾಗಾದ್ರೆ ಕೇಸು ವಾಪಸ್ ತಗೋತೀರೇನಮ್ಮ?"

"ಯಾಕೆ ತಗೊಳ್ಳಲಿ ಸಾರ್? ಡಾಕ್ಟ್ರು ಗಾಯ ಮಾಡಿದ್ದು ಸುಳ್ಳಾಗಲ್ವಲ್ಲ, ವಿಚಾರಣೆ ನಡೀಲಿ," ಎಂದ ಅವಳು ಕಣ್ಣೊರೆಸಿಕೊಂಡು, ನಗುತ್ತಲೇ ಪಾದವನ್ನು ನರತಜ್ಞರತ್ತ ಇನ್ನಷ್ಟು ಚಾಚಿದಳು. "ಅದಕ್ಕೆ ಮುಂಚೆ ಇನ್ನೊಂದೇ ಒಂದ್ಸಲ ಚುಚ್ಚಿ ಸಾರ್."