ಹಂಚಿದ ನೈಟಿ

"ಏಳಜ್ಜಿ, ದೋಣಿ ಕಾಯ್ತಾ ಇದೆ. ಇವತ್ತು ಆಸ್ಪತ್ರೆಗೆ ಹೋಗದಿದ್ರೆ ಕಾಲೇ ಹೋಗುತ್ತೆ!" ನರ್ಸ್ ರೇಗಿದಳು. ನೆರೆಯಲ್ಲಿ ಮನೆ ಕಳೆದುಕೊಂಡು ಆ ಶಾಲೆಯ ಕೋಣೆ ಸೇರಿದ್ದವರೆಲ್ಲ ತಿರುಗಿ ನೋಡಿದರು. ಕೀವಾದ ಕಾಲು ಚಾಚಿ, ಗೋಡೆಗೆ ಬೆನ್ನೊತ್ತಿ ಕುಳಿತಿದ್ದ ಅಜ್ಜಿ ಮಾತ್ರ ಅಲುಗಾಡಲಿಲ್ಲ.

ಕೊನೆಗೆ ನರ್ಸಿನ ತೋಳು ಜಗ್ಗಿ ಕಿವಿಯಲ್ಲಿ ಹೇಳಿದಳು: "ಇಲ್ಲಿ ಹಂಚಿದ ನೈಟಿ ಕಣೇ. ಹಿಂದುಗಡೆ ಪೂರ್ತಿ ಹರಿದಿದೆ. ಇಷ್ಟು ಗಂಡಸರ ಮುಂದೆ ಮೆರವಣಿಗೆ ಹೊರಡ್ಲಾ? ಕೊಟ್ಟವಳು ನೋಡಿರ್ಲಿಲ್ವೇನೋ, ಪಾಪ."

ನರ್ಸ್ ಆ ನೈಟಿಯನ್ನು ಸರಿಯಾಗಿ ನೋಡಿದ್ದು ಆಗಲೇ. ನೀಲಿ ಹೂವು, ಕತ್ತಿನ ಬಳಿ ತಾನೇ ಹೊಲಿದಿದ್ದ ಕೆಂಪು ಗುಂಡಿ. ನೆಲ ಒರೆಸಲೂ ಆಗದೆಂದು ಪರಿಹಾರದ ಗಂಟಿಗೆ ತುರುಕಿದ್ದಳು. ನೋಡಿಯೇ ತುರುಕಿದ್ದಳು.

ತನ್ನ ಬಿಳಿ ಕೋಟು ಬಿಚ್ಚಿ ಅಜ್ಜಿಗೆ ತೊಡಿಸಿದಳು. "ಇಂಥ ಮಗಳಿರ್ಬೇಕು ನೋಡಿ," ಅಜ್ಜಿ ಕೋಣೆಗೆಲ್ಲ ಕೇಳುವಂತೆ ಹೇಳಿದಳು. ನರ್ಸಿಗೆ ತಲೆ ಎತ್ತಲಾಗಲಿಲ್ಲ.