ಕೈ ಮುಗಿಯುವ ತನಕ

ಅರ್ಮೇನಿಯಾದ ಹಿರಿಯ ವಾದಕ ತನ್ನ ಊದುವಾದ್ಯವನ್ನು ತೊಡೆಯ ಮೇಲಿಳಿಸಿ ಕಣ್ಣು ಮುಚ್ಚಿ ಕುಳಿತ. ಅವನದು ಮುಗಿದಿತ್ತು. ಬೆನ್ನ ಹಿಂದೆ ಶಾಂಭವಿ ಮಾತ್ರ ತಂಬೂರಿ ಮೀಟುತ್ತಲೇ ಇದ್ದಳು. ಅವನಿಗೆ ಶ್ರುತಿ ಹಿಡಿಯಬೇಕಿದ್ದ ಜೊತೆಗಾರನ ವಿಮಾನ ಶಂಶಾಬಾದ್ ನಿಲ್ದಾಣಕ್ಕೆ ಬಂದೇ ಇರಲಿಲ್ಲ. ಸಂಗೀತೋತ್ಸವದವರು ಅವನ ಬದಲಿಗೆ ಇವಳನ್ನು ಕೂರಿಸಿದ್ದರು. "ನಾ ಹಾಡಿ ಕೈ ಮುಗಿಯೂತನಕ ಶ್ರುತಿ ನಿಲ್ಲಬಾರದು ನೋಡ" ಎಂದು ಗಾಯಕಿಯಾದ ಅವ್ವ ಗಿರಿಜಾಬಾಯಿ ಚಿಕ್ಕಂದಿನಿಂದ ಕಲಿಸಿದ್ದಳು. ಈ ಮನುಷ್ಯನಿಗೆ ಕೈ ಮುಗಿಯುವ ರೂಢಿಯೇ ಇಲ್ಲವೆಂದು ಶಾಂಭವಿಗೆ ಹೊಳೆದಾಗ ತಡವಾಗಿತ್ತು.

ಚಪ್ಪಾಳೆಗೆಂದು ಎದ್ದ ಕೈಗಳು ಅರ್ಧಕ್ಕೇ ನಿಂತವು. ಯಾರೋ ಕೆಮ್ಮಿದರು, ಕುರ್ಚಿಗಳು ಕಿರುಗುಟ್ಟಿದವು. ಪರದೆಯ ಮರೆಯಿಂದ ಸಂಘಟಕ ಶಿವಪ್ರಕಾಶ, "ಬಸ್ ಮಾಡ್ರಿ ಅಕ್ಕಾರ, ಅವರದು ಮುಗದೈತಿ!" ಎಂದು ಪಿಸುಗುಟ್ಟಿದ. ಕೈ ಮುಗಿಯದಿದ್ದರೆ ಎಲ್ಲಿ ನಿಲ್ಲಿಸಬೇಕೆಂದು ಶಾಂಭವಿಯ ಬೆರಳುಗಳಿಗೆ ಯಾರೂ ಕಲಿಸಿರಲಿಲ್ಲ.

ಅಷ್ಟರಲ್ಲಿ ವಾದಕ ಕಣ್ಣು ತೆರೆದು ಹಿಂದಕ್ಕೆ ತಿರುಗಿದ. ತಂಬೂರಿಯತ್ತ ಬಾಗಿ ಕಿವಿಗೊಟ್ಟ. ಅವನು ಕೇಳುತ್ತಿರುವುದನ್ನು ಕಂಡು ಸಭೆಯೂ ಸುಮ್ಮನಾಯಿತು. ಇಷ್ಟು ವರ್ಷ ಇನ್ನೊಬ್ಬರ ಹಾಡಿನ ಅಡಿಯಲ್ಲಿದ್ದ ನಾದವನ್ನು ಈಗ ಎಲ್ಲರೂ ಅದರ ಸಲುವಾಗಿಯೇ ಕೇಳತೊಡಗಿದರು.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವ್ವ ಗಿರಿಜಾಬಾಯಿಗೆ ಮಾತ್ರ ತಡೆಯಲಾಗಲಿಲ್ಲ. ಎದ್ದು ನಿಂತು, ಮಗಳಿಗೆ ಕಾಣುವಂತೆ ಎರಡೂ ಕೈ ಎತ್ತಿ ಮುಗಿದಳು. ಶಾಂಭವಿ ನೋಡಿದಳು. ನೋಡಿ, ಕಣ್ಣು ಮುಚ್ಚಿಕೊಂಡು, ಮತ್ತೆ ಮೊದಲ ತಂತಿಯನ್ನು ಮೀಟಿದಳು.